ಟವೆಲ್ ಮರಿಯಪ್ಪ ಕೊಡಿಸಿದ ಉದ್ದ ಕಾರು

ಮರಿಯಪ್ಪ ಸತ್ತದ್ದು ಬೀಡಿಯಿಂದ, ಕಾರಿನಿಂದ ಅಲ್ಲ. ನಮ್ಮ ಸೋಲೂರು ಕಡೆಯವರು ಏನು ಬೇಕಾದರೂ ಹೇಳಿಕೊಳ್ಳಲಿ, ಆದದ್ದು ಇಷ್ಟೆ. ನನಗೆ ಅವನ ಪರಿಚಯವಾದಾಗ ನಮ್ಮಿಬ್ಬರ ತಲೆಗೂದಲೂ ಕಪ್ಪಗಿತ್ತು, ಆಗಲೇ ಅವನು ಕೆಮ್ಮುತ್ತಿದ್ದ. ಒಂದು ಬೀಡಿಯ ಬೆಂಕಿಯಿಂದ ಇನ್ನೊಂದನ್ನು ಹಚ್ಚುತ್ತಿದ್ದವನು. ಅಂಥವನ ಎದೆ ನಿಂತುಹೋದದ್ದಕ್ಕೆ ಕಾರಿನ ಮೇಲೆ ತಪ್ಪು ಹೊರಿಸಿದರೆ ಸತ್ತವನಿಗೆ ಏನೂ ಆಗುವುದಿಲ್ಲ, ಬದುಕಿರುವವರಿಗೆ ತೊಂದರೆ. ಆ ತೊಂದರೆ ಬಂದದ್ದು ನಮ್ಮ ಮನೆಗೆ.

ಅವನನ್ನು ಎಲ್ಲರೂ ಟವೆಲ್ ಮರಿಯಪ್ಪ ಎನ್ನುತ್ತಿದ್ದರು. ಬಲ ಹೆಗಲ ಮೇಲೆ ಕೆಂಪು ಅಂಚಿನ ದಪ್ಪ ಟವೆಲ್ಲು. ಬೆವರು ಒರೆಸಿಕೊಳ್ಳಲು ಅಂಗಿಯ ತೋಳಿತ್ತು, ಮೂಗಿಗೆ ಪಂಚೆಯ ಚುಂಗಿತ್ತು. ಟವೆಲ್ಲನ್ನು ಅದಕ್ಕೆಲ್ಲ ಮುಟ್ಟುತ್ತಿರಲಿಲ್ಲ. ಅದು ವ್ಯಾಪಾರದ್ದು. ಅವನು ಮೊದಲು ದನದ ದಳ್ಳಾಳಿ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ದಳ್ಳಾಳಿ ಮಾರುವವನ ಕೈಯನ್ನು ಟವೆಲ್ಲಿನೊಳಗೆ ಹಿಡಿದುಕೊಂಡು ಬೆರಳು ಒತ್ತಿ ಬೆಲೆ ಕೇಳುತ್ತಾನೆ, ಆಮೇಲೆ ಕೊಳ್ಳುವವನ ಕೈ ಹಿಡಿದು ಅದನ್ನೇ ದಾಟಿಸುತ್ತಾನೆ. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡುವುದು ಮಾತ್ರ ಕಾಣುತ್ತದೆ. ಆ ಹೊತ್ತಿನಲ್ಲಿ ಮರಿಯಪ್ಪ ಮುಖವನ್ನು ಆಕಾಶದ ಕಡೆ ತಿರುಗಿಸುತ್ತಿದ್ದ, ಇವತ್ತು ರಾಗಿ ಒಣಹಾಕಬಹುದೋ ಬೇಡವೋ ಎಂದು ನೋಡುವವನ ಹಾಗೆ.

ಊರೂರಿಗೂ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ ಅವನು ಹಳೇ ಟ್ರ್ಯಾಕ್ಟರುಗಳನ್ನು ಮಾರಿಸತೊಡಗಿದ. ಆಮೇಲೆ ಸ್ಕೂಟರು, ಆಮೇಲೆ ಕಾರು. ಗಾಡಿ ಓಡಿಸಲು ಅವನಿಗೆ ಬರುತ್ತಿರಲಿಲ್ಲ. ಇಂಜಿನ್ನಿನ ಬಗ್ಗೆ ನನಗೆಷ್ಟು ಗೊತ್ತೋ ಅವನಿಗೂ ಅಷ್ಟೇ ಗೊತ್ತು. ಆದರೂ ಬಾನೆಟ್ ಎತ್ತಿಸಿ, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿ "ಹೂಂ" ಅನ್ನುವನು. ಪೆಟ್ರೋಲು ಹೆಚ್ಚು ಕುಡಿಯುವ ಕಾರಿಗೆ "ಇದಕ್ಕೆ ಮೇವು ಜಾಸ್ತಿ" ಎನ್ನುವನು. ಬ್ರೇಕು ಸರಿಯಿಲ್ಲದಿದ್ದರೆ "ಇದು ಹಾಯ್ತದೆ, ಮಕ್ಕಳಿರೋ ಮನೆಗೆ ಬ್ಯಾಡ." ಯಾವ ಕಾರಿಗೂ ಎದುರಿನಿಂದ ಹೋಗುತ್ತಿರಲಿಲ್ಲ. ಪಕ್ಕದಿಂದ ಹೋಗಿ, ಬೆನ್ನು ಸವರಿ, ಆಮೇಲೆ ಮುಂದಕ್ಕೆ ಬರುತ್ತಿದ್ದ. ಜನ ನಕ್ಕರೆ ಅವನಿಗೇನೂ ಆಗುತ್ತಿರಲಿಲ್ಲ. "ನಗ್ರಿ, ನಗ್ರಿ. ಒದಿಸ್ಕಂಡಿರೋನು ನಾನು, ನೀವಲ್ಲ" ಅನ್ನುತ್ತಿದ್ದ.

ಅವನ ದೊಡ್ಡ ಹುಚ್ಚು ಸುಳಿಯದು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗಕ್ಕೆ ಸುಳಿ ಎನ್ನುತ್ತಾರೆ. ಕೆಲವು ಜಾಗದಲ್ಲಿದ್ದರೆ ಮನೆಗೆ ಒಳ್ಳೆಯದಂತೆ, ಕೆಲವು ಜಾಗದಲ್ಲಿದ್ದರೆ ಕೊಂಡವರ ಮನೆ ಹಾಳಂತೆ. ಕೆಟ್ಟ ಸುಳಿ ಮುಚ್ಚಿಟ್ಟು ಎತ್ತು ಮಾರಿಸಿದ ದಳ್ಳಾಳಿಯನ್ನು ಆಮೇಲೆ ಯಾರೂ ಹಟ್ಟಿಗೆ ಸೇರಿಸುವುದಿಲ್ಲ. ಮರಿಯಪ್ಪ ಕಾರಿಗೂ ಸುಳಿ ನೋಡುತ್ತಿದ್ದ. ಒಂದು ತಗ್ಗು, ಒಂದು ಗೀರು, ಬಣ್ಣ ಹೋದ ಮಚ್ಚೆ, ಎಲ್ಲವೂ ಅವನಿಗೆ ಸುಳಿ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನಮ್ಮ ಮನೆಯಲ್ಲಿ ಒಳ್ಳೇ ಸುಳಿಯ ಎತ್ತುಗಳೇ ಇದ್ದವು, ನನ್ನ ಗಂಡ ಬೇಗ ಹೋದ.

ನನ್ನ ಸೊಸೆ ಶೋಭಾಗೆ ಎರಡು ಕಿಡ್ನಿಯೂ ಕೆಟ್ಟವು. ವಾರಕ್ಕೆರಡು ಸಲ ರಾಮನಗರದ ಆಸ್ಪತ್ರೆಗೆ ಹೋಗಿ ಮಿಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಮುಖ ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಮತ್ತೆ ಮತ್ತೆ ತಪ್ಪಿದರೆ ಸಾಯುತ್ತಾಳೆ. ಡಾಕ್ಟರು ಇದನ್ನು ಸುತ್ತಿಬಳಸಿ ಹೇಳಿದರು, ನಾನು ನೇರವಾಗಿ ಹೇಳುತ್ತಿದ್ದೇನೆ.

ನಮ್ಮ ಹಳ್ಳಿಯಿಂದ ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು. ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ಹಿಂಡಿ ಬಿಸಾಡಿದ ಬಟ್ಟೆಯ ಹಾಗಿರುತ್ತಿದ್ದಳು. ಕಣ್ಣು ಕತ್ತಲೆ ಕಟ್ಟುವುದು, ಕೈಕಾಲು ತಣ್ಣಗಾಗುವುದು. ಹಾಗಾದಾಗ ಮಲಗಿಸಿ ಕಾಲನ್ನು ಎತ್ತರದಲ್ಲಿಡಿ ಎಂದು ನರ್ಸಮ್ಮ ಹೇಳಿದ್ದಳು. ಬಸ್ಸಿನಲ್ಲಿ ಎಲ್ಲಿ ಮಲಗಿಸುವುದು? ಹೆಂಗಸರಿಗೆ ಟಿಕೆಟ್ಟಿಲ್ಲವೆಂದಾದ ಮೇಲೆ ಕಾಲೂರಲು ಜಾಗ ಸಿಕ್ಕರೆ ಅದೇ ಹೆಚ್ಚು. ಕೆಲವು ದಿನ ಬಾಡಿಗೆ ಕಾರು ಮಾಡಿದೆವು. ಅದು ನಮ್ಮಂಥವರು ಕೆಲವು ದಿನ ಮಾತ್ರ ಮಾಡಬಹುದಾದದ್ದು.

ನನ್ನ ಮಗ ರವಿ ಡೇರಿಯ ಹಾಲಿನ ಟೆಂಪೋ ಓಡಿಸುತ್ತಾನೆ. ಬೆಳಗಿನ ಹಾಲು ಇಳಿಸಿದ ಮೇಲೆ ಸಂಜೆಯ ತನಕ ಬಿಡುವು. "ನಮ್ದೇ ಒಂದು ಕಾರಿದ್ರೆ ನಾನೇ ಕರ್ಕಂಡೋಗಿ ಬತ್ತೀನವ್ವ" ಎಂದ. ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಹಳೆಯದರಲ್ಲೂ ಚಿಕ್ಕ ಕಾರು ಆಗುವುದಿಲ್ಲ, ಶೋಭಾ ಉದ್ದ ಹೆಂಗಸು, ಮುದುಡಿ ಮಲಗಿದರೆ ಹೊಟ್ಟೆ ತೊಳಸುತ್ತದೆ. ಜೀಪಿನ ಹಾಗೆ ಎತ್ತರದ್ದಾದರೆ ಹತ್ತಲು ಆಗುವುದಿಲ್ಲ. ಹಿಂದೆ ಡಿಕ್ಕಿ ಇರುವ, ತಗ್ಗಾಗಿರುವ, ಹಿಂದಿನ ಸೀಟು ಅಗಲವಾಗಿರುವ ಉದ್ದ ಕಾರೇ ಆಗಬೇಕು.

"ಅದಕ್ಕೆ ಸೆಡಾನ್ ಅಂತಾರೆ ಕಣವ್ವ" ಎಂದ ರವಿ.

"ಏನಾದ್ರೂ ಅನ್ನಲಿ. ಅವ್ಳು ಕಾಲು ಚಾಚಂಗಿರ್ಬೇಕು" ಎಂದೆ.

ಕೊಟ್ಟಿಗೆಯಲ್ಲಿದ್ದ ಸೀಮೆಹಸುಗಳನ್ನು ಮರಿಯಪ್ಪನ ಕೈಯಲ್ಲೇ ಮಾರಿಸಿದೆ. ಹಸುಗಳು ಹೋದ ಮೇಲೆ ಅವನನ್ನು ಜಗಲಿಯಲ್ಲಿ ಕೂರಿಸಿ ಕಾರಿನ ವಿಷಯ ಹೇಳಿದೆ. ಅವನು ಬೀಡಿ ಆರಿಸಿ, ಒಳಗೆ ಚಾಪೆಯ ಮೇಲೆ ಮಲಗಿದ್ದ ಶೋಭಾಳನ್ನು ಇಣುಕಿ ನೋಡಿ, ಟವೆಲ್ಲು ಬಿಚ್ಚಿ ಬಾಗಿಲಿಗೆ ಅಡ್ಡ ಹಿಡಿದ. ಅವಳ ಉದ್ದ ಅಳೆಯುತ್ತಿದ್ದ.

"ಟವೆಲ್ಲು, ಮ್ಯಾಲೊಂದು ಮೊಳ" ಎಂದ. "ಅಷ್ಟು ಸೀಟು ಬೇಕು. ನೋಡಾನ ಬುಡು ನಂಜಕ್ಕ."

ಮೊದಲ ಕಾರು ಚನ್ನಪಟ್ಟಣದ ಹೆದ್ದಾರಿ ಪಕ್ಕದ ಒಂದು ಶೆಡ್ಡಿನಲ್ಲಿತ್ತು. ನಾನು, ರವಿ, ಮರಿಯಪ್ಪ ಮೂವರೂ ಹೋದೆವು. ಬಿಳಿ ಕಾರು, ಕನ್ನಡಿಯ ಮುಂದೆ ತಲೆ ಅಲ್ಲಾಡಿಸುವ ಅರಗಿನ ಬಣ್ಣದ ಗೊಂಬೆ. ರವಿ ಓಡಿಸಿ ನೋಡಿ ಬಂದು "ಇಂಜಿನ್ ಗಟ್ಟಿ ಐತವ್ವ" ಎಂದ. ನಾನು ಹಿಂದಿನ ಸೀಟಿನಲ್ಲಿ ಮಲಗಿ ನೋಡಿದೆ. ಚೆನ್ನಾಗಿತ್ತು. ಶೆಡ್ಡಿನವನು ಟೀ ತರಿಸಿದ. ಕೆಲಸ ಮುಗಿಯಿತು ಎಂದುಕೊಂಡೆ.

ಮರಿಯಪ್ಪ ಮಾತ್ರ ಕಾರನ್ನು ಸುತ್ತುತ್ತಲೇ ಇದ್ದ. ಎಡಗಡೆ ಹಿಂದಿನ ಚಕ್ರದ ಮೇಲೆ ಒಂದು ಸಣ್ಣ ತಗ್ಗು ಕಂಡಿತು. ಅದರ ಮೇಲೆ ಬೆರಳಿಟ್ಟು ಸುತ್ತಿಸಿದ.

"ಇದು ಆಗಕಿಲ್ಲ" ಎಂದ.

"ಯಾಕ್ಲಾ?" ಎಂದೆ.

"ಎಡಗಡೆ ಹಿಂದ್ಲ ತೊಡೆ ಮ್ಯಾಲೆ ಸುಳಿ. ಮನೆ ಹೆಣ್ಮಗಳಿಗೆ ಆಗಕಿಲ್ಲ."

ಶೆಡ್ಡಿನವನು ನಕ್ಕ. "ಯಜಮಾನ್ರೇ, ಅದು ಗೇಟಿಗೆ ತಗುಲಿರೋದು. ತಟ್ಟಿಸಿ ಕೊಡ್ತೀನಿ ಬುಡಿ."

"ಸುಳಿ ತಟ್ಟಿದ್ರೆ ಹೋಯ್ತದೇನಪ್ಪ? ಚರ್ಮ ಹೋಯ್ತದೆ."

ನಾನು ರವಿಯ ಮುಖ ನೋಡಿದೆ. ಮನೆ ಹೆಣ್ಣುಮಗಳು ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಬಿಳಿಚಿಕೊಂಡಿತ್ತು. ಹೆಂಡತಿ ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿರುವ ಗಂಡಸಿಗೆ ಇಂಥ ಮಾತು ಸಾಕು. ಟೀ ಲೋಟ ಕೆಳಗಿಟ್ಟು "ಬೇರೆ ನೋಡಾನ ಅಣ್ಣ" ಎಂದ. ಬೈಯೋಣವೆಂದರೆ ಪರವೂರಿನ ಶೆಡ್ಡು. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಆಮೇಲೂ ಅವನು ಎರಡು ಮೂರು ಕಾರುಗಳನ್ನು ಹೀಗೇ ಬಿಡಿಸಿದ. ಒಂದಕ್ಕೆ ಮುಂದಿನ ದೀಪ ಮಂದ, "ಇದಕ್ಕೆ ಕಣ್ಪೊರೆ" ಎಂದ. ಇನ್ನೊಂದರ ಮೇಲೆ ಕಾಗೆ ಕೂತಿತ್ತು.

ಹೀಗೆ ದಿನ ಹೋಗುತ್ತಿರುವಾಗ ಮಾಗಡಿ ಬಸ್ ನಿಲ್ದಾಣದಲ್ಲಿ ಶೋಭಾ ಬಿದ್ದಳು. ರಾಮನಗರದಿಂದ ಬಂದು ಇಳಿದು, ನಮ್ಮೂರ ಬಸ್ಸಿಗೆ ಕಾಯುತ್ತಿದ್ದೆವು. "ಅತ್ತೆ, ಒಸಿ ಕೈ ಕೊಡಿ" ಅಂದಳು. ಕೊಡುವಷ್ಟರಲ್ಲಿ ಕೆಳಗಿದ್ದಳು. ಕಣ್ಣು ಮೇಲಕ್ಕೆ ಹೋಗಿತ್ತು. ಸೂಜಿ ಚುಚ್ಚಿದ್ದ ಕೈಯಿಂದ ಬ್ಯಾಂಡೇಜು ನೆನೆದು ರಕ್ತ ಬರುತ್ತಿತ್ತು. ಜನ ಸುತ್ತುಗಟ್ಟಿದರು, ಗಾಳಿ ಬಿಡಿ ಎಂದು ಬೈದೆ, ಬಿಡಲಿಲ್ಲ. ನೆಲದಲ್ಲಿ ಕುಳಿತು ಅವಳ ಎರಡು ಕಾಲನ್ನೂ ನನ್ನ ಹೆಗಲ ಮೇಲೆ ಹಾಕಿಕೊಂಡು, ಕೈಯನ್ನು ಒತ್ತಿ ಹಿಡಿದೆ. ಸೀರೆ ಎಲ್ಲಿಗೆ ಹೋಯಿತೋ ನೋಡಲಿಲ್ಲ. ಒಬ್ಬ ಕಂಡಕ್ಟರ್ ನೀರಿನ ಬಾಟಲಿ ತಂದುಕೊಟ್ಟ, ಅವನ ಮಕ್ಕಳು ಚೆನ್ನಾಗಿರಲಿ. ಕಣ್ಣು ಬಿಟ್ಟ ಮೇಲೆ ಶೋಭಾ ಮೊದಲು ಹೇಳಿದ್ದು "ಇನ್ನು ನಾನು ಬರಲ್ಲ ಅತ್ತೆ, ಮನೇಲೇ ಸಾಯ್ತೀನಿ."

ಅದನ್ನು ಅವಳು ಸಿಟ್ಟಿಗೆ ಹೇಳಲಿಲ್ಲ. ಸಾರಿಗೆ ಉಪ್ಪು ಸಾಕು ಎಂದು ಹೇಳುವ ದನಿಯಲ್ಲಿ ಹೇಳಿದಳು. ಹಾಗೆ ಹೇಳಿದವರು ಹಾಗೇ ಮಾಡುತ್ತಾರೆ.

ಮಾರನೆಯ ದಿನ ಮರಿಯಪ್ಪನ ಹಟ್ಟಿಗೆ ಹೋದೆ. ಅವನ ಹೆಂಡತಿ ಕೆಂಪಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಅವನು ಬೀಡಿ ಸೇದುತ್ತ ಕೂತಿದ್ದ.

"ಮರಿಯಪ್ಪ, ಗೇಟಿಗೆ ತಗುಲಿದ ತಗ್ಗು ನನ್ನ ಸೊಸೇನ ತಿನ್ನಕಿಲ್ಲ. ಬಸ್ಸು ತಿಂತದೆ. ನೀನು ಸುಳಿ ನೋಡ್ತಾ ಕೂತ್ಕ. ನಾನು ಅವ್ಳನ್ನ ಎಲ್ಲಿ ಮಣ್ಣು ಮಾಡೋದು ಅಂತ ಜಾಗ ನೋಡ್ತೀನಿ" ಎಂದೆ.

ಕೆಂಪಮ್ಮ ಮೊರ ಕೆಳಗಿಟ್ಟಳು. "ಅಂಗೆಲ್ಲ ಅನ್ಬ್ಯಾಡ ಕಣಕ್ಕ."

"ಅನ್ನದೆ? ಒಳ್ಳೇ ಕಾರು ಬುಡಿಸ್ದ ನಿನ್ನ ಗಂಡ. ನೆನ್ನೆ ಅವ್ಳ ರಕ್ತ ಮಾಗಡಿ ಸ್ಟ್ಯಾಂಡಲ್ಲಿ ಚೆಲ್ಲೈತೆ. ಅದು ಯಾವ ಸುಳಿ ಅಂತ ಹೋಗಿ ನೋಡ್ಕಂಡು ಬರಲಿ."

ಮರಿಯಪ್ಪ ಕೆಮ್ಮಿದ. ಟವೆಲ್ಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಆ ವಾರವೇ ಬಂದು "ಕಾರು ಸಿಕ್ತು, ಹೊರಡು" ಎಂದ.

ಕಾರು ಮಾಗಡಿಯ ಒಂದು ಪಾತ್ರೆ ಅಂಗಡಿಯವರದು. ಅಂಗಡಿ ಸಾಹುಕಾರರು ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅವರ ಹೆಂಡತಿ, ವಿಭೂತಿ ಹಚ್ಚಿದ ತೆಳ್ಳಗಿನ ಹೆಂಗಸು, ಮನೆಯ ಹಿಂದಿನ ತಗಡಿನ ಶೆಡ್ಡು ತೆಗೆಸಿ ತೋರಿಸಿದರು. ಬೂದಿ ಬಣ್ಣದ ಉದ್ದ ಕಾರು. ಹಳೆಯದು, ಆದರೆ ಎಲ್ಲೂ ಒಂದು ಗೀರಿಲ್ಲ. ಹಿಂದಿನ ಸೀಟಿಗೆ ಹೊಸ ಕವರು ಹಾಕಿಸಿದ್ದರು. ಮರಿಯಪ್ಪ ಟವೆಲ್ಲು ಹಿಡಿದು ಅಳೆದ. ಟವೆಲ್ಲು, ಮೇಲೊಂದು ಮೊಳ.

"ಸುಳಿ ನೋಡ್ದೇನಪ್ಪ?" ಎಂದೆ, ಚುಚ್ಚಲಿಕ್ಕೇ.

"ನೋಡ್ದೆ. ಮೈಮ್ಯಾಲೆ ಒಂದೂ ಇಲ್ಲ" ಎಂದ.

ರವಿ ಕೀ ತಿರುಗಿಸಿದ. ಮೊದಲ ಸಲಕ್ಕೆ ಹತ್ತಲಿಲ್ಲ, ಎರಡನೇ ಸಲಕ್ಕೆ ಹತ್ತಿತು. "ಯಾಕೋ ಮೊದಲ್ನೇ ಸಲ ಎತ್ಕಳಲಿಲ್ವಲ್ಲ" ಎಂದು ರವಿ ಅನುಮಾನಪಟ್ಟಾಗ ಮರಿಯಪ್ಪ ಕೂಡಲೇ, "ಅದು ಮರ್ಯಾದಸ್ತರ ಮನೆ ಗಾಡಿ ಕಣ್ಲಾ. ಕರೆದ ತಕ್ಸಣ ಎದ್ದು ಬರಾಕೆ ಅದೇನು ನಾಯಿನಾ? ಎರಡು ಸಲ ಕರೀಬೇಕು" ಎಂದ. ಬ್ಯಾಟರಿ ಹಳೆಯದು ಎಂದು ನನಗೂ ಗೊತ್ತಾಗುತ್ತಿತ್ತು. ಅದು ಅವನು ಬಾಯಲ್ಲಿ ಹೇಳಿದ ಸುಳ್ಳು. ದೊಡ್ಡ ಸುಳ್ಳನ್ನು ಅವನು ಬಾಯಲ್ಲಿ ಹೇಳಲೇ ಇಲ್ಲ.

ಬೆಲೆಯ ಮಾತು ಬಂದಾಗ ಮರಿಯಪ್ಪ ಪೇಚಿಗೆ ಬಿದ್ದ. ಕೊಳ್ಳುವವಳು ನಾನು, ಮಾರುವವರು ಆ ಅಮ್ಮ. ಎರಡೂ ಕಡೆ ಹೆಂಗಸರು. ಗಂಡ ಸತ್ತ ಹೆಂಗಸಿನ ಕೈಯನ್ನು ಟವೆಲ್ಲಿನೊಳಗೆ ಹಿಡಿಯುವುದು ಹೇಗೆ? ನನ್ನದನ್ನೂ ಹಿಡಿಯಲಾರ. ನಾನೂ ಅಂಥವಳೇ. "ಬಾಯಲ್ಲೇ ಮಾತಾಡಿ ಮುಗಿಸ್ರಪ್ಪ" ಎಂದ ರವಿ.

"ಬಾಯಲ್ಲಿ ಯಾಪಾರ ಮಾಡಾಕೆ ಇದೇನು ಕೊತ್ತಂಬರಿ ಸೊಪ್ಪಾ?" ಎಂದು ಮರಿಯಪ್ಪ ಅವನನ್ನು ಗದರಿ, ಟವೆಲ್ಲು ತೆಗೆದು, ಎದುರುಬದುರು ನಿಂತಿದ್ದ ನಮ್ಮಿಬ್ಬರ ಕೈಗಳ ಮೇಲೆ ಹಾಕಿದ. "ನೀವೇ ಮಾತಾಡ್ಕಳಿ" ಎಂದು ಹೇಳಿ, ಬೆನ್ನು ತಿರುಗಿಸಿ ಆಕಾಶ ನೋಡುತ್ತ ನಿಂತ.

ನನಗೆ ಆ ಬೆರಳಿನ ಲೆಕ್ಕ ಗೊತ್ತಿಲ್ಲ. ಆ ಅಮ್ಮನಿಗೂ ಗೊತ್ತಿಲ್ಲ. ಟವೆಲ್ಲಿನೊಳಗೆ ಅವರ ಕೈ ಸುಮ್ಮನೆ ನನ್ನ ಕೈಯನ್ನು ಹಿಡಿದುಕೊಂಡಿತು. ಬಿಗಿಯಾಗಿ ಹಿಡಿದದ್ದು ಬಿಡಲೇ ಇಲ್ಲ. ಬೆಲೆ ಹೆಚ್ಚಿಸಬೇಕೆನ್ನುವವರ ಕೈ ಹಾಗೆ ಅಂಟಿಕೊಳ್ಳುವುದಿಲ್ಲ. ಈ ಕಾರು ಇಲ್ಲಿಂದ ಹೋದರೆ ಸಾಕು ಎನ್ನುವ ಕೈ ಅದು. ಏನೋ ಇದೆ ಎಂದು ನನಗೆ ಆಗಲೇ ಗೊತ್ತಾಯಿತು. ಕೇಳಲಿಲ್ಲ. ಕೇಳಿದರೆ ಅವರು ಹೇಳುತ್ತಿದ್ದರು, ಹೇಳಿದರೆ ರವಿ ಮತ್ತೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ, ಶೋಭಾ ಮತ್ತೆ ಬಸ್ ನಿಲ್ದಾಣದ ನೆಲದಲ್ಲಿರುತ್ತಿದ್ದಳು. ಆ ಅಮ್ಮ ಟವೆಲ್ಲನ್ನು ಬಿಟ್ಟು ಬಾಯಲ್ಲೇ ಒಂದು ಬೆಲೆ ಹೇಳಿದರು. ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಆಯಿತು ಎಂದೆ.

ಮರಿಯಪ್ಪ ತಿರುಗಿ ಟವೆಲ್ಲನ್ನು ಎತ್ತಿ ಒದರಿದ. "ಟವೆಲ್ಲಿನ ಮರ್ಯಾದೆ ಕಳದ್ಬುಟ್ರಿ" ಎಂದು ಗೊಣಗಿದ. ದಳ್ಳಾಳಿ ದುಡ್ಡನ್ನು ಎರಡು ಕಡೆಯಿಂದಲೂ ಮುಟ್ಟಲಿಲ್ಲ. ಯಾಕೋ ಎಂದು ಕೇಳಿದ್ದಕ್ಕೆ, ನನ್ನ ಕೈ ಟವೆಲ್ಲಿನೊಳಗೆ ಇರಲಿಲ್ಲವಲ್ಲ ಎಂದ.

ಕಾರು ತೆಗೆದುಕೊಂಡು ಸೋಲೂರಿನ ದಾರಿಗೆ ಬಿದ್ದೆವು. ಮರಿಯಪ್ಪ ಮುಂದೆ ಕೂತಿದ್ದ. ಅವನ ಹಟ್ಟಿ ನಮ್ಮ ಊರಿಗಿಂತ ಮುಂಚೆ ಸಿಗುತ್ತದೆ. ಅಲ್ಲಿಗೆ ಬಂದಾಗ "ನಿಲ್ಸ್ಲಾ. ಇವತ್ತು ದಿನ ಚೆನ್ನಾಗಿಲ್ಲ. ಗಾಡಿ ಇಲ್ಲೇ ಇರಲಿ, ನಾಳೆ ಬೆಳಿಗ್ಗೆ ಬಂದು ಹೊಡ್ಕಂಡೋಗಿ" ಎಂದ. ಇವನ ಹುಚ್ಚು ಮುಗಿಯುವುದಿಲ್ಲ ಎಂದು ಬೈದು, ಬಿಟ್ಟು, ಆಟೋದಲ್ಲಿ ಮನೆಗೆ ಹೋದೆವು. ಮರುದಿನ ರವಿ ಹೋಗಿ ತಂದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದೆವು, ಶೋಭಾ ಕುಂಕುಮ ಇಟ್ಟಳು. ಅದನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ.

ಆಮೇಲೆ ಆಸ್ಪತ್ರೆಗೆ ಹೋಗುವುದು ಒಂದು ಕೆಲಸವಾಯಿತು, ಯುದ್ಧವಾಗಿ ಉಳಿಯಲಿಲ್ಲ. ಬರುವಾಗ ಶೋಭಾ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗುವಳು, ಕಾಲ ಕೆಳಗೆ ನನ್ನ ಹಳೆ ಸೀರೆಯ ಮೂಟೆ. ಮಾಗಡಿ ಬಸ್ ನಿಲ್ದಾಣ ದಾಟುವಾಗ ಅವಳು ನಿದ್ದೆಯಲ್ಲಿರುತ್ತಿದ್ದಳು. ನಾನು ಮುಂದಿನ ಸೀಟಿನಿಂದ ತಿರುಗಿ ತಿರುಗಿ ಅವಳ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ.

ಮರಿಯಪ್ಪ ಆಗಾಗ ಬರುತ್ತಿದ್ದ. ಬಂದವನು ನಮ್ಮನ್ನು ಮಾತಾಡಿಸುವ ಮೊದಲು ಕಾರನ್ನು ಮಾತಾಡಿಸುವನು. ಪಕ್ಕದಿಂದ ಹೋಗಿ ಬೆನ್ನು ಸವರುವನು. ಆಮೇಲೆ ಶೋಭಾಳ ಮುಖವನ್ನು, ಕೈಯನ್ನು, ನಡಿಗೆಯನ್ನು ನೋಡುವನು. "ಊಟ ಸೇರ್ತದಾ ಮಗ? ರಾತ್ರಿ ಕೆಟ್ಟ ಕನಸು ಏನಾರ ಬೀಳ್ತದಾ?" ಎಂದು ಕೇಳುವನು. ಕನಸಿನ ವಿಷಯ ಇವನಿಗೇಕೆ ಎಂದು ನನಗೆ ಅನ್ನಿಸುತ್ತಿತ್ತು. ಕೆಮ್ಮು ಹೆಚ್ಚಾಗಿತ್ತು. ನೀನೂ ನಮ್ಮ ಜೊತೆ ಬಂದು ಆಸ್ಪತ್ರೆಯಲ್ಲಿ ತೋರಿಸಿಕೋ, ಗಾಡಿ ಹೇಗೂ ಹೋಗುತ್ತದೆ ಎಂದೆ. "ನನ್ನ ಗಾಡಿಗೆ ಗಿರಾಕಿ ಇಲ್ಲ ಬುಡಕ್ಕ, ಇನ್ನೇನು ತೋರ್ಸೋದು" ಎಂದು ನಕ್ಕ.

ಕೊನೆಯ ಸಲ ಬಂದಾಗ ನಮ್ಮ ಜಗಲಿಯಲ್ಲಿ ಕೂತು ತುಂಬಾ ಹೊತ್ತು ಕೆಮ್ಮಿದ. ಶೋಭಾ ಬಿಸಿನೀರು ಕೊಟ್ಟಳು. ಕುಡಿದು, "ಹಿಂದಿನ ಸೀಟು ಮೆತ್ತಗೈತಾ ಮಗ?" ಎಂದು ಕೇಳಿದ.

"ಮನೆ ಮಂಚಕ್ಕಿಂತ ಚೆನ್ನಾಗೈತೆ ಮಾವ" ಎಂದಳು.

"ಹಂಗಾರೆ ಸರಿ" ಎಂದು ಎದ್ದು ಹೋದ. ಟವೆಲ್ಲನ್ನು ನಮ್ಮ ಜಗಲಿಯ ಕಂಬದ ಮೇಲೇ ಮರೆತಿದ್ದ. ಟವೆಲ್ಲು ಮರೆಯುವ ಮನುಷ್ಯನಲ್ಲ ಅವನು. ಮತ್ತೆ ಬರುತ್ತಾನಲ್ಲ, ಆಗ ಕೊಟ್ಟರಾಯಿತು ಎಂದು ಒಗೆದು ಮಡಚಿಟ್ಟೆ.

ಬರಲಿಲ್ಲ. ಅವನು ಹೋದ ಸುದ್ದಿ ಬಂತು. ಬೆಳಗಿನ ಬೀಡಿ ಹಚ್ಚಿಕೊಂಡು ಅಂಗಳದಲ್ಲಿ ಕೂತವನು ಹಾಗೇ ಪಕ್ಕಕ್ಕೆ ವಾಲಿದನಂತೆ. ನಾವು ಮೂವರೂ ಅದೇ ಕಾರಿನಲ್ಲಿ ಹೋದೆವು. ಬೇಡವೆಂದರೂ ಶೋಭಾ ಬಂದಳು. ಕಾರು ಹಟ್ಟಿಯ ಮುಂದೆ ನಿಂತಾಗ ಜನ ನಮ್ಮನ್ನು ನೋಡಲಿಲ್ಲ, ಕಾರನ್ನು ನೋಡಿದರು.

ಕೆಂಪಮ್ಮ ನನ್ನ ಕುತ್ತಿಗೆ ತಬ್ಬಿಕೊಂಡು ಅತ್ತಳು. ಅಳುವಾಗ ಮನುಷ್ಯರು ಎಲ್ಲವನ್ನೂ ಹೇಳಿಬಿಡುತ್ತಾರೆ. "ಆ ಸಾವುಕಾರ್ರು ಅದೇ ಹಿಂದ್ಗಡೆ ಸೀಟಲ್ಲೇ ಪ್ರಾಣ ಬುಟ್ಟಿದ್ದು ಕಣಕ್ಕ, ಆಸ್ಪತ್ರೆಗೆ ಕರ್ಕಂಡೋಗ್ವಾಗ. ಗೊತ್ತಿದ್ದೂ ಕೊಡಿಸ್ದ. ಕೆಟ್ಟ ಸುಳಿ ಎತ್ತನ್ನ ಬ್ಯಾರೆ ದಾರಿ ಇಲ್ದೆ ಮಾರಿಸ್ಬೇಕಾಗಿ ಬಂದ್ರೆ, ಮೊದ್ಲು ಒಂದು ರಾತ್ರಿ ನಮ್ಮ ಕೊಟ್ಟಿಗೇಲಿ ಕಟ್ಕತಿದ್ದ. ಅದರ ದೋಸ ನಮ್ಮನೇಲೇ ಇಳೀಲಿ, ಕೊಂಡೋರಿಗೆ ಬ್ಯಾಡ ಅಂತ. ಕಾರನ್ನೂ ಅಂಗೇ ನಿಲ್ಸ್ಕಂಡ. ಆ ರಾತ್ರಿಯೆಲ್ಲ ಆ ಸೀಟಲ್ಲೇ ಮಲಗಿದ್ದ. ಬ್ಯಾಡ ಅಂತ ಕಾಲು ಹಿಡಕಂಡೆ. ನಂಜಕ್ಕನ ಸೊಸೆ ಚಿಕ್ಕ ವಯಸ್ಸಿನವಳು, ನಂದು ಆಯ್ತಲ್ಲ ಅಂದ."

ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು. ರವಿ ಕೇಳಿಸಿಕೊಂಡ. ಗೋಡೆಗೆ ಒರಗಿ ಕೂತಿದ್ದ ಶೋಭಾಳೂ ಕೇಳಿಸಿಕೊಂಡಳು. ಹೆಣ ಎತ್ತುವ ಮೊದಲೇ ಮಾತು ಹಬ್ಬಿತು. ಕಾರು ಮರಿಯಪ್ಪನನ್ನು ತಿಂದಿತು, ಇನ್ನು ಯಾರ ಸರದಿ ಎಂದು. ಒಬ್ಬ ಯಜಮಾನ ನನ್ನ ಹತ್ತಿರ ಬಂದು, "ನಂಜಮ್ಮ, ಅದನ್ನ ಇವತ್ತೇ ಎಲ್ಲಾರ ತಳ್ಳಿಬುಡವ್ವ" ಎಂದ.

"ತಳ್ತೀನಿ. ನೀನು ನನ್ನ ಸೊಸೇನ ಹೆಗಲ ಮ್ಯಾಲೆ ಹೊತ್ಕಂಡು ರಾಮನಗರಕ್ಕೆ ಹೋಯ್ತೀಯಾ?" ಎಂದೆ. ಎಲೆಅಡಿಕೆ ಉಗಿಯಲು ಆ ಕಡೆ ಹೋದ.

ಮರಿಯಪ್ಪನನ್ನು ಮಣ್ಣು ಮಾಡಿ ಬಂದೆವು. ಬರುವಾಗ ಶೋಭಾ ಹಿಂದೆ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಬಾಗಿಲಿಗೆ ಅಂಟಿಕೊಂಡು ಕೂತಳು. ಮನೆಗೆ ಬಂದ ಮೇಲೆ ರವಿ ಕೀಯನ್ನು ದೇವರ ಗೂಡಿನಲ್ಲಿಟ್ಟು, "ನಾನು ಇನ್ನು ಅದನ್ನ ಓಡಿಸಾಕಿಲ್ಲ ಕಣವ್ವ, ಮಾರ್ಬುಡಾನ" ಎಂದ.

"ನಾಳೆ ಆಸ್ಪತ್ರೆ ಐತೆ."

"ನಾಳೆ ಒಂದಿನ ಬಸ್ಸಲ್ಲಿ ಹೋಗ್ರವ್ವ."

"ನಾನು ಬಸ್ಸಲ್ಲೂ ಹೋಗಲ್ಲ" ಎಂದಳು ಶೋಭಾ ಒಳಗಿನಿಂದ. "ಅದ್ರಲ್ಲೂ ಹೋಗಲ್ಲ. ನನ್ನಿಂದ ಒಬ್ರು ಹೋಗಿದ್ದು ಸಾಕು ಅತ್ತೆ."

ಹಿಂದೆ ಬಸ್ ನಿಲ್ದಾಣದಲ್ಲಿ ಕೇಳಿದ್ದ ಅದೇ ದನಿ. ಅವಳ ಪಾದ ಆಗಲೇ ಊದಿಕೊಂಡಿತ್ತು, ಬೆರಳಿಟ್ಟು ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ಬೀಡಿಯ ವಿಷಯ ಹೇಳಿದೆ. ಕೆಮ್ಮಿನ ವಿಷಯ ಹೇಳಿದೆ. ಇಬ್ಬರೂ ನನ್ನ ಮುಖ ನೋಡಲಿಲ್ಲ. ನಾನು ಓದಿದವಳಲ್ಲ, ಎರಡನೇ ಕ್ಲಾಸಿಗೆ ಬಿಡಿಸಿದರು. ಹೆದರಿದವರಿಗೆ ಮಾತಿನಲ್ಲಿ ಬುದ್ಧಿ ಹೇಳುವುದು ನನಗೆ ಬರುವುದಿಲ್ಲ. ಆ ಮುದುಕನ ಮೇಲೆ ನನಗೆ ಸಿಟ್ಟು ಬಂತು. ಸುಳಿಗೆ ಅಷ್ಟು ಹೆದರುತ್ತಿದ್ದವನು, ಎಲ್ಲಕ್ಕಿಂತ ಕೆಟ್ಟದ್ದು ಎಂದು ತಾನು ನಂಬಿದ್ದನ್ನು ನಮಗಾಗಿ ಮೈಮೇಲೆ ಎಳೆದುಕೊಂಡು, ಬಾಯಿ ಮುಚ್ಚಿಕೊಂಡು ನಮ್ಮ ಜಗಲಿಯಲ್ಲಿ ಬಿಸಿನೀರು ಕುಡಿದು ಹೋಗಿದ್ದ. ನನಗೊಬ್ಬಳಿಗಾದರೂ ಹೇಳಿದ್ದರೆ ನಿನ್ನ ದೋಷಕ್ಕಿಷ್ಟು ಬೆಂಕಿ ಹಾಕ ಎಂದು ಬೈಯುತ್ತಿದ್ದೆ. ಅದಕ್ಕೇ ಹೇಳಲಿಲ್ಲವೇನೋ.

ಮಾರನೆಯ ಬೆಳಿಗ್ಗೆ ರವಿ ಹಾಲು ಇಳಿಸಿ ಬರುವುದಕ್ಕೆ ಮುಂಚೆ ಮರಿಯಪ್ಪನ ಟವೆಲ್ಲು ತೆಗೆದುಕೊಂಡು ಹೊರಗೆ ಹೋದೆ. ಕಾರಿನ ಮೇಲೆಲ್ಲ ಇಬ್ಬನಿ ಕೂತಿತ್ತು. ಮುಂದಿನ ಗಾಜು ಒರೆಸಿದೆ, ಹಿಂದಿನದನ್ನೂ ಒರೆಸಿದೆ. ಹಿಂಡಿ ಮತ್ತೆ ಒರೆಸಿದೆ. ಬೆವರನ್ನೂ ಮುಟ್ಟಿಸದ ಟವೆಲ್ಲು ಕಪ್ಪಗಾಯಿತು. ಆಮೇಲೆ ದೇವರ ಗೂಡಿನಿಂದ ಕೀ ತಂದು, ಹಿಂದಿನ ಬಾಗಿಲು ತೆಗೆದು, ಒದ್ದೆ ಟವೆಲ್ಲನ್ನು ತಲೆಯ ಕೆಳಗೆ ಇಟ್ಟುಕೊಂಡು ಸೀಟಿನ ಮೇಲೆ ಉದ್ದಕ್ಕೆ ಮಲಗಿದೆ. ಕಾಲನ್ನು ಬೇಕೆಂದೇ ಬಾಗಿಲಿನಿಂದ ಹೊರಗೆ ಚಾಚಿದೆ. ನೀರಿಗೆ ಹೋಗುವವರು, ಡೇರಿಗೆ ಹೋಗುವವರು ನಿಂತು ನೋಡಿದರು. ನೋಡಲಿ ಎಂದೇ ಮಲಗಿದ್ದೆ.

ರವಿ ಬಂದ. ಅವನ ಸದ್ದು ಕೇಳಿ ಒಳಗಿನಿಂದ ಶೋಭಾ ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದಳು.

"ಅತ್ತೆ, ಏನ್ಮಾಡ್ತಿದ್ದೀರ?"

"ಮಲಗಿದ್ದೀನಿ. ಸತ್ತಿಲ್ಲ. ಬಂದು ಮುಟ್ಟಿ ನೋಡು."

ನಾನು ಏಳಲಿಲ್ಲ. ಕೊನೆಗೆ ಚಪ್ಪಲಿ ಎಳೆಯುವ ಸದ್ದು ಹತ್ತಿರ ಬಂತು.

"ಒಸಿ ಕಾಲು ಮಡಚ್ಕಳಿ" ಎಂದಳು.

ಮಡಚಿಕೊಂಡೆ. ಅವಳು ಹತ್ತಿ ಕೂತು, ಬಾಗಿಲು ಎಳೆದುಕೊಂಡು, ನನ್ನ ಎರಡು ಕಾಲನ್ನೂ ತನ್ನ ತೊಡೆಯ ಮೇಲೆ ಹಾಕಿಕೊಂಡಳು. ನಾನು ಕೈ ಚಾಚಿ ಕೀಯನ್ನು ಮುಂದಿನ ಸೀಟಿನ ಮೇಲೆ ಎಸೆದೆ. ರವಿ ಬಂದು ಕೂತ. ತಿರುಗಿಸಿದ. ಮೊದಲ ಸಲಕ್ಕೆ ಹತ್ತಲಿಲ್ಲ.

"ಇನ್ನೊಂದ್ಸಲ ಕರಿ" ಎಂದೆ.